ಟೇಬಲ್ ಅಲ್ಲಾಡ್ತಿದೆಯಾ? ಸ್ಕ್ರೂ ಬಿಗಿ ಮಾಡುವ ಮೊದಲು ಇಷ್ಟು ನೋಡಿ

ಹೊಸದಾಗಿ ಮರಗೆಲಸಕ್ಕೆ ಇಳಿದವರ ಮೊದಲ ಟೇಬಲ್ ಅಲ್ಲಾಡದೆ ನಿಂತರೆ ಅದೇ ದೊಡ್ಡದು. ಅಲ್ಲಾಡಿದ ಕೂಡಲೇ ಎಲ್ಲರ ಕೈ ಹೋಗುವುದು ಸ್ಕ್ರೂಡ್ರೈವರ್‌ಗೆ. ಇದ್ದಬದ್ದ ಸ್ಕ್ರೂ ಎಲ್ಲ ತಿರುಗಿಸಿ ಬಿಗಿ ಮಾಡುತ್ತಾರೆ. ಸ್ವಲ್ಪ ದಿನ ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಈ ಸಲ ತೂತು ಬೇರೆ ದೊಡ್ಡದಾಗಿರುತ್ತದೆ. ಸ್ಕ್ರೂ ಸುಮ್ನೆ ತಾನಾಗಿ ಸಡಿಲ ಆಗುವುದಿಲ್ಲ, ಏನೋ ಅದನ್ನು ಎಳೆದಾಡುತ್ತಿರುತ್ತದೆ. ಅದು ಏನು ಅಂತ ಹುಡುಕುವುದು ಹೇಗೆ ಅನ್ನುವುದೇ ಈ ಕೈಪಿಡಿ.

ಇದಕ್ಕೆ ದೊಡ್ಡ ಸಾಮಾನೇನೂ ಬೇಡ. ಪೆನ್ಸಿಲ್, ಟೇಪು, ಒಂದಷ್ಟು ದಾರ, ಸೀಮೆಸುಣ್ಣದ ತುಂಡು, ಅಡುಗೆಮನೆಯ ತೂಕದ ಯಂತ್ರ, ಮೂರಡಿ ಉದ್ದದ ಸಪೂರ ಮರದ ಕೋಲು, ಅಂದರೆ ರೀಪರ್. ಮೂಲೆ ನೆಟ್ಟಗಿದೆಯಾ ಅಂತ ನೋಡುವ ಮೂಲೆಮಟ್ಟ ಇದ್ದರೆ ಒಳ್ಳೆಯದು.

ಕುಂಟುತ್ತಿದೆಯೋ, ಓಲಾಡುತ್ತಿದೆಯೋ?

ಟೇಬಲ್‌ನ ಒಂದು ಮೂಲೆಯ ಮೇಲೆ ಕೈಯೂರಿ ಒತ್ತಿ. ಟಕ್ ಅಂತ ಒಂದು ಕಾಲು ನೆಲಕ್ಕೆ ಕೂತು ಅದರ ಎದುರು ಮೂಲೆಯ ಕಾಲು ಎದ್ದರೆ ಟೇಬಲ್ ಕುಂಟುತ್ತಿದೆ. ನಾಲ್ಕೂ ಕಾಲು ನೆಲಕ್ಕೆ ಕಚ್ಚಿಕೊಂಡಿದ್ದು ಮೇಲ್ಭಾಗ ಮಾತ್ರ ಅತ್ತಿತ್ತ ಹೋದರೆ ಓಲಾಡುತ್ತಿದೆ. ಕುಂಟುವುದು ಅಳತೆಯ ತಪ್ಪು. ಓಲಾಡುವುದು ಜಾಯಿಂಟ್‌ನ ತಪ್ಪು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಕುಂಟುತ್ತಿದ್ದರೆ ಮೊದಲು ನೆಲದ ಮೇಲೆ ಅನುಮಾನ ಪಡಿ. ಎದ್ದೇಳುವ ಕಾಲಿಗೆ ಸೀಮೆಸುಣ್ಣದ ಗುರುತು ಹಾಕಿ, ಟೇಬಲ್ಲನ್ನು ಅಲ್ಲೇ ಕಾಲು ಸುತ್ತು ತಿರುಗಿಸಿ. ಒಂದು ಕಾಲಿದ್ದ ಜಾಗಕ್ಕೆ ಪಕ್ಕದ ಕಾಲು ಬರಬೇಕು. ಈಗಲೂ ಗುರುತು ಹಾಕಿದ ಕಾಲೇ ಎದ್ದರೆ ತಪ್ಪು ಟೇಬಲ್‌ನದು. ಅದೇ ಜಾಗದಲ್ಲಿ ಬೇರೆ ಕಾಲು ಎದ್ದರೆ ನೆಲದ್ದು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಕಡೆಯ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ಅಲ್ಲಲ್ಲಿ ಕುಸಿದಿರುತ್ತದೆ. ಹೊಸ ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ಟೈಲ್‌ಗಳ ಅಂಚು ಒಂದು ಮೇಲೆ, ಒಂದು ಕೆಳಗೆ. ಬಾಲ್ಕನಿಯಲ್ಲಂತೂ ನೀರು ಹೋಗುವ ಕಿಂಡಿಯ ಕಡೆಗೆ ಎರಡು ಮೂರು ದಿಕ್ಕಿನಿಂದ ಇಳಿಜಾರು ಕೊಟ್ಟಿರುತ್ತಾರೆ. ಅಲ್ಲಿ ನಾಲ್ಕು ಕಾಲಿನ ಯಾವ ಸ್ಟೂಲೂ ನೆಟ್ಟಗೆ ಕೂರುವುದಿಲ್ಲ. ಮೂರು ಕಾಲಿನದು ಮಾತ್ರ ಎಲ್ಲಿಟ್ಟರೂ ಕುಂಟುವುದಿಲ್ಲ. ಬಾಲ್ಕನಿಗೆ ಅದನ್ನೇ ಮಾಡಿಕೊಳ್ಳಿ.

ತಪ್ಪು ಕಾಲಿನದೇ ಆದರೆ ಗರಗಸ ಹಿಡಿಯುವ ಮೊದಲು ತಡೆಯಿರಿ. ಉದ್ದ ಕಂಡ ಕಾಲನ್ನು ಸ್ವಲ್ಪ ಕತ್ತರಿಸುವುದು, ಆಮೇಲೆ ಇನ್ನೊಂದನ್ನು, ಆಮೇಲೆ ಮತ್ತೊಂದನ್ನು: ಹೀಗೆ ಹೋದರೆ ಸ್ಟೂಲ್ ಕೊನೆಗೆ ಮಣೆ ಆಗುತ್ತದೆ. ಮನೆಯಲ್ಲಿ ಇರುವುದರಲ್ಲಿ ಸಪಾಟಾದ ಜಾಗ ಅಂದರೆ ಅಡುಗೆಮನೆಯ ಗ್ರಾನೈಟ್ ಕಟ್ಟೆ. ಸ್ಟೂಲನ್ನು ಅದರ ಮೇಲೆ ನಿಲ್ಲಿಸಿ. ಕುಂಟು ನಿಲ್ಲುವವರೆಗೆ ಗಿಡ್ಡ ಕಾಲಿನ ಕೆಳಗೆ ಹಳೆ ವಿಸಿಟಿಂಗ್ ಕಾರ್ಡು ತುರುಕಿ. ಈಗ ಒಂದು ಚಪ್ಪಟೆ ಮರದ ತುಂಡನ್ನು ಕಟ್ಟೆಯ ಮೇಲಿಟ್ಟು, ಅದರ ಮೇಲೆ ಪೆನ್ಸಿಲ್ ಮಲಗಿಸಿ, ತುಂಡನ್ನು ಜಾರಿಸುತ್ತಾ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆಯಿರಿ. ನಾಲ್ಕನ್ನೂ ಆ ಗೆರೆಗೆ ಕತ್ತರಿಸಿ. ದೊಡ್ಡ ಟೇಬಲ್ಲಿಗೆ ಈ ಕಷ್ಟ ಬೇಡ. ತಿರುಗಿಸಿ ಎತ್ತರ ಹೊಂದಿಸುವ ಬುಶ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಕಾಲಿನಡಿ ಹಾಕಿ.

ಟೇಪಿನಲ್ಲಿ ಅಳೆದರೆ ನಾಲ್ಕು ಕಾಲೂ ಸಮ, ಆದರೂ ಕುಂಟುತ್ತದೆ ಅಂತಾದರೆ ಚೌಕಟ್ಟೇ ತಿರುಚಿಕೊಂಡಿದೆ. ಟೇಬಲ್ಲನ್ನು ತಲೆಕೆಳಗು ಮಾಡಿ, ಎದುರು ಬದುರಿನ ಕಾಲುಗಳ ತುದಿಯಿಂದ ತುದಿಗೆ ಎರಡು ದಾರ ಅಡ್ಡಡ್ಡ ಬಿಗಿದು ಕಟ್ಟಿ. ಮಧ್ಯದಲ್ಲಿ ದಾರಗಳು ಒಂದಕ್ಕೊಂದು ಸುಮ್ಮನೆ ತಾಗಬೇಕು. ಒಂದು ದಾರ ಇನ್ನೊಂದನ್ನು ಒತ್ತಿ ಬಗ್ಗಿಸಿದರೆ, ಅಥವಾ ನಡುವೆ ಸಂದು ಬಿಟ್ಟರೆ, ಆ ಸಂದೇ ತಿರುಚಿನ ಗುರುತು. ದಾರಗಳ ಜಾಗ ಮೇಲೆ ಕೆಳಗೆ ಬದಲಿಸಿ ಎರಡೂ ರೀತಿ ನೋಡಿ. ಅಂಟು ಹಾಕುವಾಗ ಕ್ಲಾಂಪ್ ಓರೆಯಾಗಿ ಎಳೆದದ್ದು, ಅಥವಾ ಸೊಟ್ಟ ನೆಲದ ಮೇಲೆ ಜೋಡಿಸಿದ್ದು ಇದಕ್ಕೆ ಕಾರಣ.

ಓಲಾಟದ ಮೂಲ

ಇದು ಹೊಸಬರನ್ನು ಜಾಸ್ತಿ ಕಾಡುವುದು. ಕಾಲು ಮತ್ತು ಪಟ್ಟಿ (ಮೇಲ್ಹಲಗೆಯ ಕೆಳಗೆ ಕಾಲಿಂದ ಕಾಲಿಗೆ ಹೋಗುವ ಅಡ್ಡ ಮರ) ಸೇರುವ ಪ್ರತಿ ಮೂಲೆಯಲ್ಲೂ ಪೆನ್ಸಿಲಿನಿಂದ ಒಂದು ತೆಳು ಗೆರೆ ಎಳೆಯಿರಿ, ಅರ್ಧ ಕಾಲಿನ ಮೇಲೆ, ಅರ್ಧ ಪಟ್ಟಿಯ ಮೇಲೆ ಬರುವಂತೆ. ಈಗ ಯಾರಾದರೂ ಟೇಬಲ್ಲನ್ನು ನಿಧಾನವಾಗಿ ತಳ್ಳಲಿ, ನೀವು ಕೆಳಗೆ ಕೂತು ಗೆರೆ ನೋಡಿ. ಗಟ್ಟಿ ಜಾಯಿಂಟಿನಲ್ಲಿ ಗೆರೆ ಒಂದೇ ಆಗಿ ಉಳಿಯುತ್ತದೆ. ಸಡಿಲ ಇದ್ದಲ್ಲಿ ಕೂದಲೆಳೆಯಷ್ಟಾದರೂ ಮುರಿದು ಎರಡಾಗುತ್ತದೆ. ಮೊದಲು ಉದ್ದಕ್ಕೆ ತಳ್ಳಿಸಿ, ಆಮೇಲೆ ಅಗಲಕ್ಕೆ. ಸಾಮಾನ್ಯವಾಗಿ ಎಲ್ಲ ಮೂಲೆಯೂ ಕೆಟ್ಟಿರುವುದಿಲ್ಲ. ಒಂದೆರಡು ಮಾತ್ರ ಕೆಟ್ಟು ಉಳಿದವುಗಳ ಮೇಲೆ ಭಾರ ಹಾಕಿರುತ್ತವೆ.

ಯಾವ ಗೆರೆಯೂ ಮುರಿಯದೆ ಇಡೀ ಟೇಬಲ್ ವಾಲಿದರೆ? ಆಗ ರೀಪರ್ ತೆಗೆದುಕೊಳ್ಳಿ. ಓಲಾಡುವ ದಿಕ್ಕಿನಲ್ಲಿ, ಒಂದು ಕಾಲಿನ ಬುಡದಿಂದ ಇನ್ನೊಂದರ ತಲೆಗೆ ಓರೆಯಾಗಿ ಇಟ್ಟು ಎರಡೂ ತುದಿಗೆ ಕ್ಲಾಂಪ್ ಹಾಕಿ. ಕ್ಲಾಂಪ್ ಇಲ್ಲದಿದ್ದರೆ ಹಗ್ಗದಿಂದ ಬಿಗಿದು ಕಟ್ಟಿದರೂ ಅಂದಾಜು ಸಿಗುತ್ತದೆ. ಓಲಾಟ ಪೂರ್ತಿ ನಿಂತರೆ ಚೌಕಟ್ಟಿಗೆ ಸೆಟೆದು ನಿಲ್ಲುವ ಶಕ್ತಿ ಇಲ್ಲ ಅಂತ ಅರ್ಥ. ಮೇಲ್ಹಲಗೆಯ ಕೆಳಗಿನ ಪಟ್ಟಿ ತೀರಾ ಕಿರಿದಾಗಿರುತ್ತದೆ, ಇಲ್ಲವೇ ಪಟ್ಟಿಯೇ ಇರುವುದಿಲ್ಲ. ಬರೆಯುವ ಮೇಜಿಗೆ ಪಟ್ಟಿಯ ಅಗಲ ಮೂರು ಇಂಚಾದರೂ ಬೇಕು. ಒಂದೂವರೆ ಇಂಚಿನ ಪಟ್ಟಿಗೆ ಎಷ್ಟು ಸ್ಕ್ರೂ ಹೊಡೆದರೂ ಅದು ಬಾಗಿಲಿನ ಕೀಲಿನ ಹಾಗೆ ತಿರುಗುತ್ತಲೇ ಇರುತ್ತದೆ. ಪಟ್ಟಿ ಬದಲಿಸಲು ಆಗದಿದ್ದರೆ ಒಳಮೂಲೆಗೆ ಮುಕ್ಕೋನದ ಮರದ ತುಂಡು ಕತ್ತರಿಸಿ, ಅಂಟು ಹಾಕಿ, ಎರಡೂ ಪಟ್ಟಿಗೆ ಸ್ಕ್ರೂ ಹಾಕಿ. ಅಂಗಡಿಯಲ್ಲಿ ಸಿಗುವ ಲೋಹದ ತೆಳು ಎಲ್ ಪಟ್ಟಿಗಿಂತ ಇದು ಎಷ್ಟೋ ವಾಸಿ. ಎಲ್ ಪಟ್ಟಿಯ ಜೊತೆ ಕೊಡುವ ಅರ್ಧ ಇಂಚಿನ ಸ್ಕ್ರೂ ಯಾವ ಮರಕ್ಕೂ ಸಾಲುವುದಿಲ್ಲ.

ಪುಸ್ತಕದ ಕಪಾಟು ಒಂದು ಕಡೆಗೆ ವಾಲುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹಿಂಬದಿ ಮುಚ್ಚಿಲ್ಲ, ಅಷ್ಟೇ. 6 ಮಿ.ಮೀ. ಪ್ಲೈವುಡ್ ತಂದು, ಕಪಾಟಿನ ಎರಡೂ ಕರ್ಣ ಅಳೆದು ಸಮ ಮಾಡಿಕೊಂಡು, ಹಿಂದೆ ಹೊಡೆಯಿರಿ. ಅಲ್ಲಿಗೆ ಮುಗಿಯಿತು.

ಇನ್ನು ಗೆರೆ ಮುರಿದ ಮೂಲೆಗೆ ಬರೋಣ. ಅಲ್ಲಿನ ಸ್ಕ್ರೂ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಥ್ರೆಡ್‌ಗಳ ಸಂದಿನಲ್ಲಿ ಮರದ ನಾರು, ಹಿಟ್ಟಿನಂಥ ಪುಡಿ ತುಂಬಿದ್ದರೆ ಸ್ಕ್ರೂ ಮರವನ್ನು ಹರಿದುಕೊಂಡು ಬಂದಿದೆ. ಥ್ರೆಡ್ ಸ್ವಚ್ಛವಾಗಿ ಹೊಳೆಯುತ್ತಿದ್ದರೆ ತೂತನ್ನೇ ದೊಡ್ಡದಾಗಿ ಕೊರೆದಿದ್ದಾರೆ, ಅದು ಮೊದಲಿನಿಂದಲೂ ಹಿಡಿದೇ ಇರಲಿಲ್ಲ. ಡ್ರಿಲ್ ಬಿಟ್ ಆರಿಸುವುದು ಸುಲಭ. ಬಿಟ್ಟನ್ನು ಸ್ಕ್ರೂವಿನ ಮುಂದೆ ಹಿಡಿದು ನೋಡಿ. ಸ್ಕ್ರೂವಿನ ನಡುಗಂಬ ಮರೆಯಾಗಬೇಕು, ಥ್ರೆಡ್ ಎರಡೂ ಬದಿ ಕಾಣಬೇಕು.

ಸ್ಕ್ರೂ ಬಿಗಿಯಾಗಿದೆ, ಆದರೂ ಎರಡು ಮರದ ನಡುವೆ ಸಂದು ಕಾಣುತ್ತಿದೆ ಅಂದರೆ ಅದು ಬೇರೆ ಕೇಸು. ಸ್ಕ್ರೂ ಎರಡೂ ಮರಕ್ಕೆ ಕಚ್ಚಿಕೊಂಡಿರುವುದರಿಂದ ಒಂದನ್ನು ಇನ್ನೊಂದರ ಕಡೆಗೆ ಎಳೆಯಲು ಆಗುತ್ತಿಲ್ಲ. ಹೊರಗಿನ ಮರದ ತೂತನ್ನು ಸ್ಕ್ರೂ ಸಲೀಸಾಗಿ ಜಾರುವಷ್ಟು ದೊಡ್ಡದು ಮಾಡಿ, ಒಳಗಿನದು ಮಾತ್ರ ಹಿಡಿಯಲಿ. ತಲೆ ಸುಮ್ನೆ ಗಿರಗಿರ ತಿರುಗಿ, ಸ್ಕ್ರೂ ಹೊರಗೂ ಬರುತ್ತಿಲ್ಲ ಅಂದರೆ ಒಳಗೆ ಮುರಿದಿರಬಹುದು. ಜಿಪ್ಸಂ ಬೋರ್ಡಿಗೆಂದು ಮಾಡಿದ ಕಪ್ಪು ಸ್ಕ್ರೂ ಎಲ್ಲ ಕಡೆ ಅಗ್ಗಕ್ಕೆ ಸಿಗುತ್ತದೆ, ಆದರೆ ಪಕ್ಕದಿಂದ ಎಳೆತ ಬಿದ್ದರೆ ಪಟ್ಟನೆ ಮುರಿಯುತ್ತದೆ. ಕಾಲಿನ ಜಾಯಿಂಟಿಗೆ ಅದು ಬೇಡವೇ ಬೇಡ.

ತೂತು ಹಾಳಾದರೆ ಉದ್ದದ ಸ್ಕ್ರೂ ಹುಡುಕಿಕೊಂಡು ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಓಡಬೇಕಿಲ್ಲ. ದೇವರ ಗೂಡಿನ ಮುಂದೆ ಉರಿದು ಉಳಿದ ಊದುಬತ್ತಿ ಕಡ್ಡಿ ಸಾಕು, ಅದು ಬಿದಿರು. ನಾಲ್ಕೈದು ಕಡ್ಡಿಯ ಸುಡದ ತುದಿಯನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ಒತ್ತಿ ತುಂಬಿ, ಮಟ್ಟಕ್ಕೆ ಕತ್ತರಿಸಿ, ಮರುದಿನ ಹೊಸದಾಗಿ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ.

ಆದರೆ ಆ ತೂತು ಮರದ ಯಾವ ಮುಖದಲ್ಲಿದೆ ಅನ್ನುವುದನ್ನು ನೋಡಲೇಬೇಕು. ಅಡ್ಡ ಕತ್ತರಿಸಿದ ತುದಿಯಲ್ಲಿ ಎಳೆಗಳ ಬಾಯಿ ಕಾಣುತ್ತದೆ. ಅಲ್ಲಿ ಹೊಡೆದ ಸ್ಕ್ರೂ ಎಳೆಗಳ ಉದ್ದಕ್ಕೇ ನುಗ್ಗಿ ಅವನ್ನು ಚೂರು ಮಾಡುತ್ತದೆ, ಹಿಡಿತ ಕಡಿಮೆ. ಅಲ್ಲಿ ಊದುಬತ್ತಿ ಕಡ್ಡಿಯಿಂದಲೂ ಹೆಚ್ಚು ಪ್ರಯೋಜನವಿಲ್ಲ. ತುದಿಯಿಂದ ಒಂದು ಇಂಚು ಒಳಗೆ, ಪಟ್ಟಿಗೆ ಅಡ್ಡಲಾಗಿ 10 ಅಥವಾ 12 ಮಿ.ಮೀ. ತೂತು ಕೊರೆದು ಗಟ್ಟಿ ಮರದ ಉರುಟು ಕಡ್ಡಿಯೊಂದನ್ನು ಅಂಟು ಹಾಕಿ ಕೂರಿಸಿ. ತುದಿಯಿಂದ ಬರುವ ಸ್ಕ್ರೂ ಈಗ ಆ ಕಡ್ಡಿಯ ಎಳೆಗಳಿಗೆ ಅಡ್ಡ ಹಾಯುತ್ತದೆ, ಗಟ್ಟಿಯಾಗಿ ಕಚ್ಚುತ್ತದೆ.

ಅಂಟು ಬಿಟ್ಟಿದ್ದರೆ ಬಿಟ್ಟ ಮುಖಗಳೇ ಕಾರಣ ಹೇಳುತ್ತವೆ. ಅಂಟಿನ ಜೊತೆ ಮರದ ಚಕ್ಕೆ ಕಿತ್ತು ಬಂದಿದೆಯಾ? ಅಂಟು ಚೆನ್ನಾಗಿತ್ತು, ಜಾಯಿಂಟೇ ಚಿಕ್ಕದು. ಒಂದು ಕಡೆ ಹೊಳೆಯುವ ಅಂಟಿನ ಪೊರೆ, ಇನ್ನೊಂದು ಕಡೆ ಬರೀ ಮರವಾ? ಒತ್ತುವ ಮೊದಲೇ ಅಂಟು ಕೆನೆಗಟ್ಟಿದೆ. ಮಾರ್ಚ್ ಏಪ್ರಿಲ್‌ನ ಒಣ ಹವೆಯಲ್ಲಿ, ಅದೂ ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಇದು ಬಹಳ ಬೇಗ ಆಗುತ್ತದೆ. ಅಂಟು ಹಾಕುವಾಗ ಫ್ಯಾನ್ ಆರಿಸಿ, ಬೆವರಿದರೂ ಪರವಾಗಿಲ್ಲ. ತೇಗದಲ್ಲಿ ಅದರದೇ ಎಣ್ಣೆಯಂಶ ಇರುತ್ತದೆ, ಅಂಟು ಹಾಕುವ ಸ್ವಲ್ಪ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಒಣಗಿದ ಹಳೆ ಅಂಟಿನ ಮೇಲೆ ಹೊಸ ಬಿಳಿ ಅಂಟು ಹಿಡಿಯುವುದಿಲ್ಲ. ಉಳಿಯಿಂದ ಕೆರೆದು ಬರೀ ಮರ ಕಾಣುವಂತೆ ಮಾಡಿ. ಒಂದಿಡೀ ದಿನ ಭಾರ ಹಾಕಬೇಡಿ.

ಮಳೆಗಾಲದಲ್ಲಿ ಶುರುವಾಯಿತಾ, ಬೇಸಿಗೆಯಲ್ಲಾ?

ಕೆಲವು ದೋಷಕ್ಕೆ ಜಾಗಕ್ಕಿಂತ ಕಾಲ ಮುಖ್ಯ. ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಜೋರು. ಮರದ ತೇವಾಂಶ ಶೇ 4ರಷ್ಟು ಬದಲಾದರೆ ಸಾಮಾನ್ಯ ಹಲಗೆಯ ಅಗಲ ಸುಮಾರು ಶೇ 1ರಷ್ಟು ಬದಲಾಗುತ್ತದೆ. ತೇಗದಲ್ಲಿ ಇನ್ನೂ ಕಡಿಮೆ. ಎರಡಡಿ ಅಗಲದ ಮೇಲ್ಹಲಗೆಯಲ್ಲಿ ಶೇ 1 ಅಂದರೆ 6 ಮಿ.ಮೀ. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನ ತುಟಿ ಒಡೆಯುವಷ್ಟು ಒಣಹವೆ, ಜುಲೈನಿಂದ ಅಕ್ಟೋಬರ್‌ವರೆಗೆ ಒಗೆದ ಬಟ್ಟೆ ಒಣಗದಷ್ಟು ತೇವ. ಟೇಬಲ್ಲಿಗೂ ಅದೇ ಹವೆ ಅಲ್ವಾ?

ಬೇಸಿಗೆಯಲ್ಲಿ ಮಾಡಿದ ಡ್ರಾಯರ್ ಜುಲೈನಲ್ಲಿ ಸಿಕ್ಕಿಹಾಕಿಕೊಳ್ಳುವುದು ಇದರಿಂದಲೇ. ಅದರ ಬದಿಗೂ ಮೇಲಂಚಿಗೂ ಸೀಮೆಸುಣ್ಣ ಬಳಿದು, ತಳ್ಳಿ, ಎಳೆಯಿರಿ. ಸುಣ್ಣ ಅಳಿಸಿದ ಜಾಗದಲ್ಲಿ ಉಜ್ಜುತ್ತಿದೆ. ಮೇಲಂಚಿನಲ್ಲಿ ಅಳಿಸಿದ್ದರೆ ಮುಂಭಾಗದ ಹಲಗೆ ಎತ್ತರಕ್ಕೆ ಹಿಗ್ಗಿದೆ. ಕೂಡಲೇ ಹತ್ತರಿ ಹೊಡೆಯಬೇಡಿ. ಮಳೆಗಾಲದಲ್ಲಿ ಸಲೀಸಾಗಿ ಓಡುವಷ್ಟು ಕೆತ್ತಿದರೆ ಫೆಬ್ರವರಿಗೆ ಕಿಂಡಿ ಕಾಣುತ್ತದೆ. ಮೊದಲು ಮೇಣದಬತ್ತಿ ಉಜ್ಜಿ. ಆಗದಿದ್ದರೆ ಉಪ್ಪುಕಾಗದದಲ್ಲಿ ಚೂರೇ ಚೂರು. ಮುಂದಿನ ಸಲ ಆರು ಇಂಚು ಎತ್ತರದ ಡ್ರಾಯರಿಗೆ ಮೇಲೆ 2 ಮಿ.ಮೀ. ಜಾಗ ಬಿಡಿ. ಬದಿಯಲ್ಲಿ ಮಾತ್ರ ಅಳಿಸಿದ್ದರೆ ಹವೆಯ ತಪ್ಪಲ್ಲ, ಪೆಟ್ಟಿಗೆ ಮೂಲೆಮಟ್ಟಕ್ಕೆ ಇಲ್ಲ.

ಮೇಲ್ಹಲಗೆ ಬಿರುಕು ಬಿಡುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಬಿರುಕು ಎರಡು ಹಲಗೆ ಸೇರಿದ ಅಂಟಿನ ಗೆರೆಯಲ್ಲೇ ಇದ್ದರೆ ಅಂಚು ನೇರ ಬಂದಿಲ್ಲ ಅಥವಾ ಅಂಟು ಸರಿ ಹಿಡಿದಿಲ್ಲ. ಅಂಟಿನ ಗೆರೆ ಬಿಟ್ಟು ಮರವೇ ಸೀಳಿದ್ದರೆ ಹಲಗೆಯನ್ನು ಯಾರೋ ಹಿಡಿದು ನಿಲ್ಲಿಸಿದ್ದಾರೆ. ಕೆಳಗೆ ಬಗ್ಗಿ ನೋಡಿ, ಎರಡೂ ಕಡೆಯ ಪಟ್ಟಿಗೆ ಬಿಗಿಯಾಗಿ ಸ್ಕ್ರೂ ಹೊಡೆದಿರುತ್ತದೆ. ಕುಗ್ಗಲು ಜಾಗವಿಲ್ಲದೆ ಮರ ಸೀಳಿದೆ. ಬಿರುಕಿಗೆ ಪುಟ್ಟಿ ತುಂಬುವ ಮೊದಲು ಆ ಸ್ಕ್ರೂಗಳ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿ, ಕೆಳಗೆ ವಾಷರ್ ಹಾಕಿ. ಹಲಗೆ ಜಾರಲಿ. ಇದು ಮಾಡದೆ ಪುಟ್ಟಿ ಹಾಕಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ. ಪ್ಲೈವುಡ್ಡಿಗೆ ಈ ತಾಪತ್ರಯ ಇಲ್ಲ, ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುವುದರಿಂದ ಅದು ಹೆಚ್ಚು ಹಿಗ್ಗುವುದಿಲ್ಲ.

ಹಲಗೆ ತಟ್ಟೆಯಂತೆ ಡೊಂಕಾದರೆ ಕೆಳಗಡೆ ಕೈಯಾಡಿಸಿ. ಮೇಲೆ ಮಾತ್ರ ಪಾಲಿಶ್ ಮಾಡಿ, ಕಾಣದ ಕಡೆ ಹಾಗೇ ಬಿಟ್ಟಿದ್ದರೆ ಆ ಕಡೆಯಿಂದ ತೇವ ಬೇಗ ಹೋಗುತ್ತದೆ, ಬರುತ್ತದೆ. ಪ್ಲೈವುಡ್ ಬಾಗಿಲು ಬಾಗಿದರೂ ಕಾರಣ ಹೆಚ್ಚಾಗಿ ಇಂಥದ್ದೇ: ಒಂದು ಮುಖಕ್ಕೆ ಮಾತ್ರ ಸನ್‌ಮೈಕಾ. ಹಿಂದೆಯೂ ಒಂದು ತೆಳು ಹಾಳೆ ಅಂಟಿಸಿ.

ಮರ ಒಣಗಿತ್ತೇ?

ಮೇಲಿನ ಅರ್ಧ ತೊಂದರೆ ಹಸಿ ಮರದಿಂದ ಬರುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ ಕೇಳಿದರೆ "ಫುಲ್ ಡ್ರೈ ಸಾರ್, ಕಣ್ಣು ಮುಚ್ಚಿ ತಗೊಂಡು ಹೋಗಿ" ಅನ್ನುತ್ತಾರೆ. ಕಣ್ಣು ತೆರೆದೇ ಇರಲಿ. ಹಲಗೆಯ ತುದಿಯಿಂದ ಒಂದು ಅಡಿ ಒಳಗೆ ತೆಳುವಾದ ಬಿಲ್ಲೆ ಕತ್ತರಿಸಿಕೊಂಡು ತಕ್ಷಣ ತೂಗಿ. ತುದಿಯದು ಬೇಡ, ಅದು ಬೇಗ ಒಣಗಿ ಸುಳ್ಳು ಹೇಳುತ್ತದೆ. ಕೇಕ್ ಮಾಡುವ ಓಟಿಜಿಯಲ್ಲಿ ಸುಮಾರು 100 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ಮತ್ತೆ ತೂಗಿ. ಇಳಿದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ತೇವಾಂಶ. 112 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ಶೇ 12. ಮನೆಯೊಳಗಿನ ಕೆಲಸಕ್ಕೆ 10ರಿಂದ 12 ಇದ್ದರೆ ಸಾಕು. 18, 20 ಬಂದರೆ ಆ ಮರವನ್ನು ನಡುವೆ ರೀಪರ್ ಇಟ್ಟು ನೆರಳಿನಲ್ಲಿ ಜೋಡಿಸಿ ಮರೆತುಬಿಡಿ. ಗಾಳಿಯಲ್ಲಿ ಒಣಗಲು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ.

ಕೊಟ್ಟದ್ದು ನಿಜವಾಗಿ ಸಾಗುವಾನಿಯೇ ಅನ್ನುವ ಅನುಮಾನ ಇದ್ದರೆ, ಮಲ್ಲೇಶ್ವರ 18ನೇ ಕ್ರಾಸ್‌ನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿ ಗುರುತಿಸುತ್ತಾರೆ. ಒಂದು ಸ್ಟೂಲಿಗಾಗಿ ಅಷ್ಟು ದೂರ ಹೋಗಬೇಕಿಲ್ಲ, ಮಂಚಕ್ಕೆ ದುಡ್ಡು ಸುರಿಯುವ ಮೊದಲು ಹೋಗಬಹುದು.

ಚಿಕ್ಕಪುಟ್ಟ ತೊಂದರೆಗಳು

ಶೆಲ್ಫ್ ನಡುವೆ ಜೋತುಬಿದ್ದರೆ ಉದ್ದ ಜಾಸ್ತಿಯಾಗಿದೆ. ಪುಸ್ತಕ ತುಂಬಿದ ಶೆಲ್ಫನ್ನು ಮೂರಡಿಯಿಂದ ಎರಡಡಿಗೆ ಇಳಿಸಿದರೆ ಬಾಗುವುದು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ದಪ್ಪ ಎರಡು ಪಟ್ಟಾದರೆ ಎಂಟನೇ ಒಂದು. ಅದಿಷ್ಟೂ ಬೇಡ ಅಂದರೆ ಮುಂದಂಚಿನ ಕೆಳಗೆ ಒಂದೂವರೆ ಇಂಚಿನ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ.

ಸಣ್ಣ ತೂತು, ಕೆಳಗೆ ಮೈದಾದಂಥ ಪುಡಿ: ಕುಟ್ಟೆ ಹಿಡಿದಿದೆ. ಪುಡಿ ಒರೆಸಿ ಕೆಳಗೆ ಕಪ್ಪು ಕಾಗದ ಹಾಸಿ. ಹೊಸ ಪುಡಿ ಬಿದ್ದರೆ ಹುಳ ಇನ್ನೂ ಜೀವಂತ, ತೂತಿಗೆ ಔಷಧಿ ಹಾಕಬೇಕು. ಹಾಗಂತ ಪುಡಿ ಬೀಳದಿದ್ದರೆ ಹುಳ ಸತ್ತಿದೆ ಅಂತ ಖಾತ್ರಿಯಿಲ್ಲ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೋಡಿ. ಮಣ್ಣಿನ ಗೂಡು ಕಂಡರೆ ಅದು ಗೆದ್ದಲು, ಬರುತ್ತಿರುವುದು ಗೋಡೆಯಿಂದಲೋ ನೆಲದಿಂದಲೋ. ಅದಕ್ಕೆ ಟೇಬಲ್ಲಿಗೆ ಔಷಧಿ ಹೊಡೆದು ಪ್ರಯೋಜನವಿಲ್ಲ. ಪ್ಯಾಕಿಂಗ್ ಪೈನ್ ಮರ ತರುವವರು ಅದರ ಮೇಲಿನ ಮುದ್ರೆ ನೋಡಿ: ಎಚ್‌ಟಿ ಅಂದರೆ ಶಾಖ ಕೊಟ್ಟದ್ದು, ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಅನಿಲ ಕೊಟ್ಟದ್ದು. ಎರಡನೆಯದು ಮನೆಗೆ ಬೇಡ.

ಪಾಲಿಶ್ ಬಿಳಿ ಮಂಜಿನಂತೆ ಕಂಡರೆ ತೇವದ ದಿನ ಹಚ್ಚಿದ್ದು. ಒಣ ದಿನ ನೋಡಿ ತೆಳುವಾಗಿ ಥಿನ್ನರ್ ಹಾಯಿಸಿದರೆ ಎಷ್ಟೋ ಸಲ ಹೋಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಕೆಲವನ್ನು ರಿಪೇರಿ ಮಾಡಲು ಹೋಗಲೇಬಾರದು. ನೆಲ ಒರೆಸುವ ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಮತ್ತೆ ಹಳೆ ಸ್ಥಿತಿಗೆ ಬರುವುದಿಲ್ಲ. ಉಬ್ಬಿದಷ್ಟನ್ನು ಕತ್ತರಿಸಿ ಕೆಳಗೆ ಮರದ ಪಟ್ಟಿ ಕೊಡಿ. ಮಗು ಮಲಗುವ ಮಂಚ, ಅಟ್ಟಕ್ಕೆ ಹತ್ತುವ ಏಣಿ, ನಿಂತು ಕೈಚಾಚುವ ಸ್ಟೂಲ್: ಇವುಗಳ ಕಾಲಿನಲ್ಲಿ ಎಳೆಯ ಉದ್ದಕ್ಕೆ ಸೀಳು ಕಂಡರೆ ಅಂಟು, ಕಡ್ಡಿ, ಎಲ್ ಪಟ್ಟಿ ಯಾವುದೂ ಬೇಡ. ಆ ಕಾಲನ್ನೇ ತೆಗೆದು ಹೊಸದು ಹಾಕಿ.